ಸೂರಿನ ಸಂದಿಯ ಕಥೆ: ಹನುಮಂತನಗರದ ಗುಡ್ಡದಿಂದ ನಮ್ಮೂರ ಹೆಂಚಿನವರೆಗೆ

ಏಪ್ರಿಲ್ ಬಂತೆಂದರೆ ನಮ್ಮ ಕಡೆ ಹೆಂಚು ಕೈಯಾಡಿಸುವ ಕೆಲಸ ಶುರುವಾಗುತ್ತದೆ. ಒಡೆದ ಹೆಂಚು ತೆಗೆದು ಬೇರೆ ಹಾಕುವುದು, ಗೆದ್ದಲು ಹಿಡಿದ ರೀಪು ಬದಲಿಸುವುದು, ಸೂರಿನ ಸಂದಿ ಮುಚ್ಚುವುದು. ಈಗ ಬಹಳ ಮನೆಗಳಲ್ಲಿ ಹೆಂಚನ್ನೇ ಇಳಿಸಿ ಶೀಟು ಹಾಕುತ್ತಿದ್ದಾರೆ, ಕೈಯಲ್ಲಿ ಸ್ವಲ್ಪ ಕಾಸಿದ್ದವರು ಆರ್‌ಸಿಸಿ ತಾರಸಿ ಹಾಕಿಸುತ್ತಿದ್ದಾರೆ. ಕೆಲಸದವರು ಮೇಲೆ ಹತ್ತಿದ ಕೂಡಲೇ ಕೆಳಗಿಂದ ಒಂದು ಮಾತು ಬರುತ್ತದೆ: "ಆ ಗುಬ್ಬಚ್ಚಿ ಗೂಡು, ಆ ಬಾವಲಿ ಕಾಟ, ಎಲ್ಲ ಒಂದೇ ಸಲ ಮುಗಿಸಿಬಿಡಪ್ಪ."

ಆ ಮಾತಿನಲ್ಲಿ ತಪ್ಪಿಲ್ಲ. ಅನ್ನದ ತಟ್ಟೆಗೆ ಹಿಕ್ಕೆ ಬೀಳುವುದು ಯಾರಿಗೂ ಬೇಡ. ಆದರೆ "ಮುಗಿಸಿಬಿಡು" ಎನ್ನುವುದಕ್ಕೂ "ಹೊರಗೆ ಕಳಿಸು" ಎನ್ನುವುದಕ್ಕೂ ಬಹಳ ಅಂತರವಿದೆ. ಈ ಕೆಲಸವನ್ನು ನಮಗಿಂತ ಎಷ್ಟೋ ವರ್ಷ ಮೊದಲೇ ಮಾಡಿ ಮುಗಿಸಿದ ಊರು ಬೆಂಗಳೂರು. ಅಲ್ಲಿ ಏನಾಯಿತು ಎಂದು ನೋಡಿಕೊಂಡು ನಾವು ಏಣಿ ಹತ್ತುವುದು ಒಳ್ಳೆಯದು. ಅದಕ್ಕಾಗಿ ದಕ್ಷಿಣ ಬೆಂಗಳೂರಿನ ಹನುಮಂತನಗರದಿಂದ ಕಥೆ ಶುರು ಮಾಡೋಣ.

ಮೊದಲು ಬಂಡೆ, ಆಮೇಲೆ ಮನೆ

ಹನುಮಂತನಗರ ಬಸವನಗುಡಿಗೆ ಅಂಟಿಕೊಂಡಿರುವ ಬಡಾವಣೆ. ಐವತ್ತು ಅಡಿ ರಸ್ತೆ ಗೊತ್ತಿದ್ದವರಿಗೆ ಗುರುತು ಸಿಗುತ್ತದೆ. ಇಲ್ಲಿ ಎರಡು ಗುಡ್ಡಗಳಿವೆ. ಒಂದು ರಾಮಾಂಜನೇಯ ಗುಡ್ಡ, ಅದರ ಮಗ್ಗುಲಲ್ಲೇ ನಾಟಕಗಳು ನಡೆಯುವ ಕೆ.ಎಚ್. ಕಲಾಸೌಧ ಇದೆ. ಇನ್ನೊಂದು ನರಹರಿರಾಯರ ಗುಡ್ಡ, ಮೇಲೆ ಕುಮಾರಸ್ವಾಮಿ ದೇವಸ್ಥಾನ. ಇಂಗ್ಲಿಷರ ಕಾಲದಲ್ಲಿ ಇದಕ್ಕೆ ಮೌಂಟ್ ಜಾಯ್ ಎಂದು ಹೆಸರಿಟ್ಟರು. ಸ್ವಲ್ಪ ಆಚೆ ಗವಿಪುರದಲ್ಲಿ ಬಂಡೆಯೊಳಗಿನ ಗವಿ ಗಂಗಾಧರೇಶ್ವರ ಗುಡಿ. ಇತ್ತ ಬಸವನಗುಡಿಯಲ್ಲಿ ದೊಡ್ಡ ಬಸವಣ್ಣ, ಪಕ್ಕದಲ್ಲಿ ಬ್ಯೂಗಲ್ ರಾಕ್ ಎನ್ನುವ ಬಂಡೆಯ ಉದ್ಯಾನ. ಆ ಉದ್ಯಾನದ ಮರಗಳಲ್ಲಿ ಹಗಲು ಹೊತ್ತು ತಲೆಕೆಳಗಾಗಿ ನೇತಾಡುವ ದೊಡ್ಡ ಬಾವಲಿಗಳನ್ನು ನೋಡಿದವರು ಬಹಳ ಜನ.

ಈ ಬಂಡೆಗಳ ವಯಸ್ಸು ಬಹಳ ದೊಡ್ಡದು. ಲಾಲ್‌ಬಾಗಿನ ಬಂಡೆಯನ್ನು ಸುಮಾರು 300 ಕೋಟಿ ವರ್ಷ ಹಳೆಯದು ಎನ್ನುತ್ತಾರೆ, ಇವೂ ಅದೇ ಜಾತಿಯ ಕಲ್ಲು. ಮನೆ ಎನ್ನುವುದು ಹುಟ್ಟುವ ಎಷ್ಟೋ ಮೊದಲೇ ಇಂಥ ಬಂಡೆಯ ಬಿರುಕು, ಗವಿ, ಚಾಚಿದ ಅಂಚುಗಳಲ್ಲಿ ಹಕ್ಕಿ ಬಾವಲಿಗಳು ಬಾಳುತ್ತಿದ್ದವು.

ನಾವು ಬೈಯುವ ಪಾರಿವಾಳದ ಮೂಲ ಹೆಸರೇ ಬಂಡೆ ಪಾರಿವಾಳ. ಕಡಿದಾದ ಬಂಡೆಯ ಅಂಚಿನಲ್ಲಿ ನಾಲ್ಕು ಕಡ್ಡಿ ಇಟ್ಟು ಮೊಟ್ಟೆ ಇಡುವ ಹಕ್ಕಿ ಅದು. ಬಾನಾಡಿಯೂ ಹಾಗೆಯೇ. ಗರಿ, ಹುಲ್ಲನ್ನು ತನ್ನ ಜೊಲ್ಲಿನಿಂದ ಅಂಟಿಸಿ, ಚಾಚಿದ ಕಲ್ಲಿನ ಕೆಳಗೆ ಗೂಡು ಕಟ್ಟುತ್ತದೆ. ಹುಳ ತಿನ್ನುವ ಸಣ್ಣ ಬಾವಲಿಗೆ ಬೇಕಾದ್ದು ಬೆರಳು ತೂರುವಷ್ಟು ಬಿರುಕು, ಒಳಗೆ ಕತ್ತಲೆ, ಒಂದೇ ಹದದ ಬೆಚ್ಚಗಿನ ಗಾಳಿ.

ಈಗ ನಿಮ್ಮ ಮನೆಯನ್ನು ಅವುಗಳ ಕಣ್ಣಿನಿಂದ ನೋಡಿ. ಗೋಡೆ ಎಂದರೆ ಕಡಿದಾದ ಬಂಡೆ. ಸಜ್ಜಾ ಎಂದರೆ ಚಾಚಿದ ಅಂಚು. ಹೆಂಚಿನ ಸಂದಿ ಎಂದರೆ ಬಿರುಕು. ಅಟ್ಟ ಎಂದರೆ ಗವಿ. ಅವು ನಮ್ಮ ಮನೆಗೆ ನುಗ್ಗಿದವು ಎನ್ನುತ್ತೇವೆ. ನಾವೇ ಅವುಗಳಿಗೆ ಹೊಸ ಬಂಡೆ ಕಟ್ಟಿಕೊಟ್ಟೆವು ಎಂದರೂ ಸರಿಯೇ.

ಸೂರಿಗೆ ಪಾರಿವಾಳದ ಹೆಸರು

ಇದು ನಮ್ಮ ಹಿಂದಿನ ಶಿಲ್ಪಿಗಳಿಗೆ ಚೆನ್ನಾಗಿ ಗೊತ್ತಿತ್ತು. ದ್ರಾವಿಡ ಶೈಲಿಯ ಯಾವುದೇ ಹಳೆಯ ಗುಡಿಯ ಗೋಡೆಯ ಮೇಲ್ತುದಿಯಲ್ಲಿ ಹೊರಕ್ಕೆ ಬಾಗಿದ ಒಂದು ಕಲ್ಲಿನ ಅಂಚು ಇರುತ್ತದೆ. ಮಳೆ ನೀರು ಗೋಡೆಗೆ ತಾಗದಂತೆ ತಡೆಯುವ ಸೂರು ಅದು. ವಾಸ್ತುಶಾಸ್ತ್ರದಲ್ಲಿ ಅದರ ಹೆಸರು ಕಪೋತ. ಕಪೋತ ಎಂದರೆ ಪಾರಿವಾಳ. ಬಾದಾಮಿಯ ಗುಡಿಯಾಗಲಿ ವಿಜಯನಗರ ಕಾಲದ ಗುಡಿಯಾಗಲಿ, ವಿವರ ಬರೆಯುವವರು ಇಂದಿಗೂ ಆ ಅಂಚನ್ನು ಕಪೋತ ಎಂದೇ ಬರೆಯುತ್ತಾರೆ. ಪಾರಿವಾಳ ಕೂರುವ ಜಾಗಕ್ಕೆ ಸಂಸ್ಕೃತದಲ್ಲಿ ಕಪೋತಪಾಲಿಕೆ, ವಿಟಂಕ ಎಂಬ ಬೇರೆ ಪದಗಳೂ ಇವೆ, ಅಮರಕೋಶದಲ್ಲಿ ಸಿಗುತ್ತವೆ. ಸೂರು ಎಂದರೆ ಹಕ್ಕಿ ಕೂರುವ ಜಾಗ ಎನ್ನುವುದು ಮಾತಿನಲ್ಲೇ ಕೂತುಬಿಟ್ಟಿತ್ತು.

ನಮ್ಮ ಹಳ್ಳಿ ಮನೆಯೂ ಹೀಗೆಯೇ ಇತ್ತು. ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆ, ಮಳೆ ಹೆಚ್ಚಿರುವ ಕಡೆ ಹುಲ್ಲು ಇಲ್ಲವೇ ಕುಂಬಾರ ಮಾಡಿದ ನಾಡಹೆಂಚು. ಗೋಡೆಗೂ ಜಂತಿಗೂ ನಡುವೆ ಸಂದಿ ಇರುತ್ತಿತ್ತು. ಒಲೆಯ ಹೊಗೆ ಹೋಗಲೆಂದೇ ಆ ಸಂದಿ ಬಿಡುತ್ತಿದ್ದರು. ಹೊಗೆ ಹೋಗುವ ದಾರಿಯಲ್ಲಿ ಗುಬ್ಬಚ್ಚಿ ಬರುತ್ತಿತ್ತು. ಅಂಗಳದಲ್ಲಿ ಕೇರುವ ರಾಗಿ, ಅಕ್ಕಿ ನುಚ್ಚು ಅದಕ್ಕೆ ಊಟ. ಗೋಡೆಗೆ ನೇತುಹಾಕಿದ ಫೋಟೋದ ಹಿಂದೆ ಗೂಡು. ಕಾಗಕ್ಕ ಗುಬ್ಬಕ್ಕನ ಕಥೆ ಕೇಳದೆ ಬೆಳೆದ ಕನ್ನಡದ ಮಗು ಇಲ್ಲ. ಆ ಕಥೆಯ ಮುಖ್ಯ ಸಂಗತಿ ಏನು? ಮಳೆ ಬಂದಾಗ ಯಾರ ಮನೆ ಉಳಿಯಿತು, ಯಾರು ಬಾಗಿಲು ತೆರೆದರು ಎನ್ನುವುದೇ.

ಆದರೆ ಅದೇ ಸಂದಿಯಲ್ಲಿ ಇಲಿಯೂ ಬರುತ್ತಿತ್ತು. ಕಥೆ ತಿರುಗಿದ್ದು ಅಲ್ಲಿ.

ಇಲಿ ಬಿತ್ತು, ಸೂರು ಮುಚ್ಚಿತು

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂತು ಎನ್ನುತ್ತವೆ ಅಂದಿನ ದಾಖಲೆಗಳು. ಪೇಟೆಯಲ್ಲಿ ಸಾವಿರಾರು ಜನ ಸತ್ತರು. ಊರೂರಿಗೆ ಪ್ಲೇಗಿನಮ್ಮನ ಗುಡಿಗಳು ಬಂದವು. ಹಳ್ಳಿಗಳಲ್ಲಿ "ಇಲಿ ಬಿತ್ತು" ಎಂದರೆ ಸಾಕು, ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿ ಬೀಳುವುದು ಎಲ್ಲಿಂದ? ಸೂರಿನಿಂದ, ಅಟ್ಟದಿಂದ.

ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುತ್ತದೆ ಎನ್ನುವುದನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದೂ ಅದೇ 1898ರಲ್ಲಿ. ಆದರೆ ಎಲ್ಲರೂ ಅದನ್ನು ಒಪ್ಪಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಕೊಳಕು, ಕತ್ತಲೆ, ಕೆಟ್ಟ ಗಾಳಿಯೇ ಕಾರಣ ಎಂದು ಹೆಚ್ಚಿನವರು ನಂಬಿದ್ದರು. ಮುಂಬೈಯಲ್ಲಿ ಒಳಗೆ ಬಿಸಿಲು ಬೀಳಲಿ ಎಂದು ಅಧಿಕಾರಿಗಳು ಮನೆಗಳ ಹೆಂಚು ತೆಗೆಸಿದ್ದೂ ಉಂಟು.

ಬೆಂಗಳೂರಿನಲ್ಲಿ ಇದರ ಫಲವಾಗಿ ಬೇಗ ಬೆಳೆದದ್ದು ಬಸವನಗುಡಿ ಮತ್ತು ಮಲ್ಲೇಶ್ವರ. ಅಗಲ ರಸ್ತೆ, ಮನೆ ಮನೆಗೆ ನಡುವೆ ಜಾಗ, ಹಿಂದೆ ಜಾಡಮಾಲಿಗಳು ಓಡಾಡುವ ಸಂದಿ, ಗೋಡೆಯ ಮೇಲ್ಭಾಗದಲ್ಲಿ ಗಾಳಿಗೆ ಗವಾಕ್ಷಿ. ಬಸವನಗುಡಿಯ ಅಂಚಿನಲ್ಲಿ ಆಮೇಲೆ ಬೆಳೆದ ಹನುಮಂತನಗರ, ಶ್ರೀನಗರ ಎಲ್ಲ ಇದೇ ಪಾಠದ ಮುಂದಿನ ಪುಟಗಳು. ರೋಗದ ಭಯದಿಂದ ಮನೆಯ ಆಕಾರ ಬದಲಾಯಿತು.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 1911ರಲ್ಲಿ ಜಾವಾ ದ್ವೀಪದ ಮಲಾಂಗ್ ಎಂಬಲ್ಲಿ ಪ್ಲೇಗ್ ಬಂದಾಗ, ಮನೆಯ ಟೊಳ್ಳು ಬಿದಿರಿನೊಳಗೆ ಇಲಿ ಗೂಡು ಕಟ್ಟಿರುವುದು ಡಚ್ ಸರ್ಕಾರದ ಕಣ್ಣಿಗೆ ಬಿತ್ತು. ಬಿದಿರಿನ ತುದಿ ಮುಚ್ಚಿಸಿದರು, ಹುಲ್ಲು ತೆಗೆಸಿ ಹೆಂಚು ಹಾಕಿಸಿದರು. ಮುಂದಿನ ಮೂರು ದಶಕಗಳಲ್ಲಿ ಹೀಗೆ ಬದಲಾದ ಮನೆಗಳು ಸುಮಾರು 15 ಲಕ್ಷ. ಖರ್ಚು ಬಿದ್ದದ್ದು ಬಹುಪಾಲು ಮನೆಯವರ ತಲೆಗೇ, ಸಾಲದ ರೂಪದಲ್ಲಿ.

ಈ ಭಯ ಸುಳ್ಳಾಗಿರಲಿಲ್ಲ, ಅದನ್ನು ನಾವು ಮರೆಯಬಾರದು. ಸೂರಿನ ಸಂದಿಯಿಂದ ಸಾವು ಬಂದ ಕಾಲ ಒಂದಿತ್ತು. ಆದರೆ ಇಲಿಗೆಂದು ಮುಚ್ಚಿದ ಬಾಗಿಲು ಗುಬ್ಬಿಗೂ ಮುಚ್ಚಿತು.

ಮಂಗಳೂರು ಹೆಂಚು ತಂದ ಶಿಸ್ತು

ಸೂರನ್ನು ಬಿಗಿ ಮಾಡಿದ ಇನ್ನೊಂದು ವಸ್ತು ನಮ್ಮ ನಾಡಿನಲ್ಲೇ ತಯಾರಾದದ್ದು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಂಗಳೂರಿನಲ್ಲಿ ನೇತ್ರಾವತಿ ದಡದ ಜೇಡಿಮಣ್ಣಿನಿಂದ ಹೆಂಚಿನ ಕಾರ್ಖಾನೆ ಶುರು ಮಾಡಿದ. ಹಿಂದೆಯೇ ಊರಿನವರ ಕಾರ್ಖಾನೆಗಳೂ ಬಂದವು. ನಾಡಹೆಂಚನ್ನು ಒಂದರ ಮೇಲೊಂದು ಸುಮ್ಮನೆ ಜೋಡಿಸುತ್ತಿದ್ದರೆ, ಈ ಹೆಂಚಿಗೆ ತೋಡು, ಏಣು ಇದ್ದವು. ಒಂದರ ಏಣು ಇನ್ನೊಂದರ ತೋಡಿನಲ್ಲಿ ಕೂರುತ್ತಿತ್ತು. ಒಂದೊಂದು ಎರಡು ಮೂರು ಕಿಲೋ ತೂಕ. ಕೋತಿ ಕುಣಿದರೆ ಜಾರುವುದು ಕಡಿಮೆ, ಹಕ್ಕಿ ಕೊಕ್ಕಿನಿಂದ ಎತ್ತಲಾಗದು.

ಆದರೂ ಮಂಗಳೂರು ಹೆಂಚಿನ ಮನೆ ಪೂರ್ತಿ ಮುಚ್ಚಿದ ಮನೆಯಲ್ಲ. ಮೂಲೆಹೆಂಚಿನ ಕೆಳಗೆ, ಗೋಡೆಯ ತಲೆಯ ಮೇಲೆ, ಸೂರಿನ ತುದಿಯಲ್ಲಿ ಸಂದಿ ಉಳಿಯುತ್ತದೆ. ಆ ಸಂದಿಯಿಂದಲೇ ಮನೆ ಉಸಿರಾಡುತ್ತದೆ. ಬೆಂಗಳೂರಿನ ಹಳೆ ಬಂಗಲೆಗಳಲ್ಲಿ ಕಿಟಕಿಯ ಮೇಲೆ ಮರದ ಪಟ್ಟಿ ಜೋಡಿಸಿದ ಚೂಪು ಟೋಪಿಯಂಥ ಮಾಡು ಕಾಣುತ್ತದೆ. ಮಂಕಿ ಟಾಪ್ ಎನ್ನುತ್ತಾರೆ. ಕೋತಿಗಳು ಹೋಗಿ ಕೂರುತ್ತಿದ್ದುದರಿಂದ ಆ ಹೆಸರು ಬಂತು ಎನ್ನುವವರೂ ಇದ್ದಾರೆ. ಬಿಸಿಲು ತಡೆದು ಗಾಳಿ ಬಿಡುವ ಉಪಾಯ ಅದು. ಗಾಳಿ ಬರುವ ಕಡೆ ಹಕ್ಕಿಯೂ ಬಂತು.

ನಿಜವಾಗಿ ಬಾಗಿಲು ಹಾಕಿದ್ದು ಆರ್‌ಸಿಸಿ. ಕಾಂಕ್ರೀಟಿನ ಹಲಗೆಗೆ ಸಂದಿಯೇ ಇಲ್ಲ. ಆಮೇಲೆ ಅಲ್ಯುಮಿನಿಯಂ ಕಿಟಕಿ, ಸೊಳ್ಳೆ ಪರದೆ, ಗಾಜು. ಕೇರುವ ಅಂಗಳ ಹೋಯಿತು, ಪ್ಯಾಕೆಟ್ ಅಕ್ಕಿ ಬಂತು. ವಠಾರ ಒಡೆದು ಫ್ಲಾಟ್ ಎದ್ದಿತು. ಹನುಮಂತನಗರದಂಥ ಹಳೆ ಬಡಾವಣೆಯಲ್ಲಿ ಈ ಎಲ್ಲ ಕಾಲದ ಸೂರುಗಳನ್ನೂ ಒಂದೇ ನಡಿಗೆಯಲ್ಲಿ ನೋಡಬಹುದು.

ಗುಬ್ಬಿ ಹೋಯಿತು, ಪಾರಿವಾಳ ಉಳಿಯಿತು

ಸೂರು ಮುಚ್ಚಿದ ಮೇಲೆ ನಗರದಲ್ಲಿ ಹಕ್ಕಿಯ ಕಾಟ ನಿಂತಿತೇ? ಇಲ್ಲ. ಹಕ್ಕಿ ಬದಲಾಯಿತು, ಅಷ್ಟೇ.

ದೇಶದ ಪಕ್ಷಿ ವೀಕ್ಷಕರ ಲಕ್ಷಾಂತರ ದಾಖಲೆಗಳನ್ನು ಜೋಡಿಸಿ 2020ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂತು. ಒಟ್ಟು ದೇಶದಲ್ಲಿ ಗುಬ್ಬಚ್ಚಿ ಸುಮಾರಾಗಿ ಹಿಂದಿನಷ್ಟೇ ಇದೆ, ಆದರೆ ಬೆಂಗಳೂರೂ ಸೇರಿದ ದೊಡ್ಡ ಮಹಾನಗರಗಳಲ್ಲಿ ಕಡಿಮೆಯಾಗಿದೆ ಎಂದು ಅದು ಹೇಳಿತು. ಮೊಬೈಲ್ ಟವರಿನಿಂದ ಗುಬ್ಬಿ ಸತ್ತವು ಎನ್ನುವ ಮಾತು ವಾಟ್ಸಾಪಿನಲ್ಲಿ ಓಡಾಡುತ್ತದೆ, ಅದಕ್ಕೆ ಗಟ್ಟಿ ಪುರಾವೆ ಇಲ್ಲ ಎಂದೂ ಅದೇ ವರದಿಯಲ್ಲಿದೆ. ಮರಿಗೆ ಹುಳ ಸಿಗದಿರುವುದು, ಗೂಡಿಗೆ ಜಾಗ ಇಲ್ಲದಿರುವುದು ಹೆಚ್ಚು ನಂಬುವಂಥ ಕಾರಣಗಳು. ಮತ್ತೆ 2023ರ ವರದಿಯಲ್ಲಿ ಚೆನ್ನಾಗಿ ಹೆಚ್ಚುತ್ತಿರುವ ಹಕ್ಕಿಗಳ ಪಟ್ಟಿಯಲ್ಲಿ ಯಾರಿದ್ದರು ಗೊತ್ತೇ? ನವಿಲು, ಕೋಗಿಲೆ, ಜೊತೆಗೆ ಪಾರಿವಾಳ.

ಕಾರಣ ಸರಳ. ಗುಬ್ಬಿಗೆ ಬೇಕಾದ್ದು ಸಣ್ಣ ಸಂದಿ, ಅದು ಮುಚ್ಚಿತು. ಪಾರಿವಾಳಕ್ಕೆ ಬೇಕಾದ್ದು ಚಾಚಿದ ಅಂಚು, ಅದು ಪ್ರತಿ ಮಹಡಿಯಲ್ಲೂ ಸಿಕ್ಕಿತು. ಏಸಿ ಪೆಟ್ಟಿಗೆಯ ಹಿಂದೆ, ಪೈಪಿನ ಸಂದಿಯಲ್ಲಿ, ಬಾಲ್ಕನಿಯ ಮೂಲೆಯಲ್ಲಿ. ಮೇಲಿಂದ ಪುಣ್ಯಕ್ಕೆಂದು ಚೀಲಗಟ್ಟಲೆ ಕಾಳು ಹಾಕುವವರು. ಈಗ ಬೆಂಗಳೂರಿನ ಫ್ಲಾಟುಗಳ ಬಾಲ್ಕನಿಗೆ ಬಲೆ ಹೊದಿಸುವುದೇ ಒಂದು ಉದ್ಯೋಗ.

ಇದನ್ನು ನಗೆಯಾಡಿ ಬಿಡುವಂತಿಲ್ಲ. ಒಣಗಿದ ಪಾರಿವಾಳದ ಹಿಕ್ಕೆಯ ಧೂಳನ್ನು ವರ್ಷಗಟ್ಟಲೆ ಉಸಿರಾಡಿದವರಲ್ಲಿ ಕೆಲವರಿಗೆ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಬರುತ್ತದೆ. ಹಿಕ್ಕೆಯಲ್ಲಿ ಬೆಳೆಯುವ ಶಿಲೀಂಧ್ರ ರೋಗನಿರೋಧಕ ಶಕ್ತಿ ಕಡಿಮೆ ಇರುವವರ ಮಿದುಳಿನವರೆಗೆ ಹೋಗಬಲ್ಲದು. 2025ರಲ್ಲಿ ಮುಂಬೈ ಪಾಲಿಕೆ ಕಬೂತರ್‌ಖಾನೆಗಳನ್ನು, ಅಂದರೆ ಪಾರಿವಾಳಕ್ಕೆ ಕಾಳು ಹಾಕುವ ಜಾಗಗಳನ್ನು ಮುಚ್ಚಿಸಿತು. ದಾದರ್‌ನಲ್ಲಿ ಅದಕ್ಕೆ ದೊಡ್ಡ ಪ್ರತಿಭಟನೆ ಆಯಿತು, ವಿಷಯ ಹೈಕೋರ್ಟಿನಲ್ಲೂ ಬಂತು.

ಬಾವಲಿಯ ಮೇಲೆ ಬಂದ ಹಳೆ ಕೋಪ

ಬಾವಲಿಯ ಕಥೆ ಇನ್ನೂ ಕಹಿ. ಕಣ್ಣಕಪ್ಪಟೆ, ಬಾವಲಿ, ಹೆಸರು ಏನೇ ಇರಲಿ, ಮನೆಗೆ ಬಂದರೆ ಅಪಶಕುನ ಎನ್ನುವವರು ಬಹಳ. ಕಾನೂನೂ ಬಹಳ ಕಾಲ ಅದರ ಪರ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಐದನೇ ಪರಿಶಿಷ್ಟ ಎಂಬುದೊಂದಿತ್ತು, ಪೀಡೆ ಪ್ರಾಣಿಗಳ ಪಟ್ಟಿ. ಕಾಗೆ, ಇಲಿ, ಸುಂಡಿಲಿಗಳ ಜೊತೆ ಹಣ್ಣು ತಿನ್ನುವ ಬಾವಲಿಯೂ ಅಲ್ಲಿತ್ತು. 2022ರ ತಿದ್ದುಪಡಿಯಲ್ಲಿ ಆ ಪರಿಶಿಷ್ಟವೇ ಹೋಯಿತು. ಐವತ್ತು ವರ್ಷ ಅದು ಪೀಡೆ ಎನ್ನಿಸಿಕೊಂಡೇ ಇತ್ತು.

2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ನಿಪಾ ಬಂದಾಗ ನಮ್ಮ ಕರಾವಳಿಯವರೆಗೂ ನಡುಕ ಹಬ್ಬಿತು. ಪೇರಾಂಬ್ರದ ಹತ್ತಿರ ಸತ್ತವರ ಮನೆಯ ಬಾವಿಯಲ್ಲಿ ಬಾವಲಿ ಇದ್ದವು. ಅವೇ ಕಾರಣ ಎಂದು ಸುದ್ದಿ ಹಬ್ಬಿತು. ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಯಿತು. ಆ ಬಾವಲಿಗಳಲ್ಲಿ ವೈರಸ್ ಸಿಗಲಿಲ್ಲ. ಅವು ಹುಳ ತಿನ್ನುವ ಸಣ್ಣ ಜಾತಿಯವು. ಆಮೇಲೆ ಅದೇ ಪ್ರದೇಶದಲ್ಲಿ ಹಿಡಿದ ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ ವೈರಸ್ ಸಿಕ್ಕಿತು.

ಈ ವ್ಯತ್ಯಾಸ ನಮಗೆ ಬಹಳ ಮುಖ್ಯ. ನಿಮ್ಮ ಹೆಂಚಿನ ಸಂದಿಯಲ್ಲಿ, ಶಟರಿನ ಡಬ್ಬದಲ್ಲಿ ಇರುವುದು ಸಾಮಾನ್ಯವಾಗಿ ಹೆಬ್ಬೆರಳಿನಷ್ಟು ಮೈಯ, ಹುಳ ತಿನ್ನುವ ಬಾವಲಿ. ಆಲದ ಮರದಲ್ಲಿ ನೇತಾಡುವುದು ಹಣ್ಣು ತಿನ್ನುವ ದೊಡ್ಡದು. ಇವೆರಡೂ ಬೇರೆ ಬೇರೆ. ನಿಪಾ ತಡೆಯಲು ಮಾಡಬೇಕಾದ್ದು ಬಾವಲಿ ಕಚ್ಚಿದ ಹಣ್ಣು ತಿನ್ನದಿರುವುದು, ಬಾಯಿ ತೆರೆದ ಮಡಕೆಯ ಹಸಿ ಶೇಂದಿ, ನೀರಾ ಕುಡಿಯದಿರುವುದು. ಮರ ಕಡಿಯುವುದರಿಂದ, ಬಾವಲಿಗೆ ಹೊಗೆ ಹಾಕುವುದರಿಂದ ರೋಗ ತಪ್ಪುವುದಿಲ್ಲ. ಹೆದರಿ ಚದುರಿದ ಬಾವಲಿ ಇನ್ನೊಂದು ಊರಿಗೆ ಹೋಗುತ್ತದೆ, ಅಷ್ಟೇ. ಕೋವಿಡ್ ಬಂದ 2020ರಲ್ಲೂ ಇದೇ ಭಯ ಎದ್ದಿತು. ಆಗ ದಕ್ಷಿಣ ಏಷ್ಯಾದ ಬಾವಲಿ ತಜ್ಞರು ಒಟ್ಟಾಗಿ, ಕಟ್ಟಡದಲ್ಲಿರುವ ಬಾವಲಿಯನ್ನು ಕೊಲ್ಲಬೇಡಿ, ಓಡಿಸಬೇಡಿ ಎಂದು ಮನವಿ ಮಾಡಬೇಕಾಯಿತು.

ಸಣ್ಣ ಬಾವಲಿ ಒಂದು ರಾತ್ರಿಗೆ ತನ್ನ ತೂಕದ ಅರ್ಧದಷ್ಟು ಹುಳ ತಿನ್ನಬಲ್ಲದು. ಅದರಲ್ಲಿ ಸೊಳ್ಳೆಯೂ ಇರುತ್ತದೆ, ಪೈರು ಹಾಳು ಮಾಡುವ ಪತಂಗವೂ ಇರುತ್ತದೆ. ದೊಡ್ಡ ಬಾವಲಿ ಹಿಪ್ಪೆ ಬೀಜ ಹರಡುತ್ತದೆ, ಬೂರುಗದ ಹೂವಿಗೆ ಪರಾಗ ಒಯ್ಯುತ್ತದೆ. ದ್ರಾಕ್ಷಿ, ಸಪೋಟ ಬೆಳೆದವರಿಗೆ ನಷ್ಟ ಮಾಡುವುದೂ ನಿಜ. ಅಲ್ಲಿ ಬಲೆ ಹಾಕುವುದು ನ್ಯಾಯವೇ.

ಬಂಡೆಯ ಬಾವಲಿಗೆ ಏನಾಗುತ್ತಿದೆ ಎನ್ನುವುದಕ್ಕೆ ಇನ್ನೊಂದು ಹನುಮನ ಊರಿಗೆ ಹೋಗಬೇಕು. ಕೋಲಾರ ಜಿಲ್ಲೆಯ ಹನುಮನಹಳ್ಳಿ. ಅಲ್ಲಿನ ಬಂಡೆಯ ಗವಿಯಲ್ಲಿರುವ ಒಂದು ಬಾವಲಿಯನ್ನು ಹೊಸ ಜಾತಿ ಎಂದು ವಿಜ್ಞಾನಿಗಳು 1994ರಲ್ಲಿ ವಿವರಿಸಿದರು. ಕೋಲಾರ ಎಲೆಮೂಗಿನ ಬಾವಲಿ. ಈಗ ಪ್ರಪಂಚದಲ್ಲಿ ಬೇರೆಲ್ಲೂ ಅದು ಉಳಿದಿರುವುದು ಗೊತ್ತಿಲ್ಲ. ಉಳಿದಿರುವುದು 200ಕ್ಕಿಂತ ಕಡಿಮೆ. ಕಲ್ಲು ಗಣಿಗಾರಿಕೆಯೇ ಅದಕ್ಕೆ ದೊಡ್ಡ ಶತ್ರು. ಅಲ್ಲಿ ಒಡೆದ ಜಲ್ಲಿಯಂಥದ್ದೇ ಜಲ್ಲಿ ನಮ್ಮ ಹೊಸ ಆರ್‌ಸಿಸಿಗೂ ಬೀಳುವುದು. ಬಂಡೆಯೂ ಇಲ್ಲ, ಸಂದಿಯೂ ಇಲ್ಲ ಎಂದರೆ ಅವು ಹೋಗುವುದೆಲ್ಲಿಗೆ?

ಸಹಿಸಿ ಲಾಭ ಪಡೆದವರು

ಸಹಿಸಿಕೊಂಡು ಬದುಕಿದ ಊರೂ ನಮ್ಮಲ್ಲಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರ ನಡುವಿನ ಹುಣಸೆ, ಅತ್ತಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆಂಚಿನ ಮೇಲೆಲ್ಲ ಹಿಕ್ಕೆ, ಕೊಳೆತ ಮೀನಿನ ವಾಸನೆ. ಆದರೂ ಊರಿನವರು ಓಡಿಸಲಿಲ್ಲ. ಮರದ ಕೆಳಗೆ ಗುಂಡಿ ತೋಡಿ, ಕೆರೆಗೋಡು ಹಾಕಿ, ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು. ಶಿಂಷಾ ದಡದ ಹಳೆ ಊರನ್ನು ಪ್ಲೇಗಿನಿಂದ ಬಿಟ್ಟು ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಎಂದು ಊರಿನವರು ಹೇಳುತ್ತಾರೆ. ಅದೇ ಪ್ಲೇಗ್ ಬೆಂಗಳೂರಿನಲ್ಲಿ ಒಂದು ಕಥೆಯಾಯಿತು, ಬೆಳ್ಳೂರಿನಲ್ಲಿ ಇನ್ನೊಂದು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಹೊರಜಗತ್ತಿಗೆ ತೋರಿಸಿದ ಮೇಲೆ, ಗೂಡಿರುವ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. ಮರದ ಫಸಲು ಬಿಟ್ಟುಕೊಟ್ಟವರಿಗೆ ಬರೀ ಹೊಗಳಿಕೆ ಸಾಲದು ಎನ್ನುವುದನ್ನು ಅದು ಒಪ್ಪಿಕೊಂಡಂತಾಯಿತು.

ಅಮೆರಿಕದ ಆಸ್ಟಿನ್ ನಗರದಲ್ಲಿ 1980ರಲ್ಲಿ ಒಂದು ಸೇತುವೆ ಹೊಸದಾಗಿ ಕಟ್ಟಿದರು. ಕಾಂಕ್ರೀಟಿನ ತೊಲೆಗಳ ನಡುವೆ ಉಳಿದ ಕಿರು ಸಂದಿಗೆ ಲಕ್ಷಾಂತರ ಬಾವಲಿ ಬಂದು ಸೇರಿದವು. ಕೊಲ್ಲಿ ಎಂದು ಜನ ಅರ್ಜಿ ಕೊಟ್ಟರು. ತಿಳಿದವರು ಸಮಾಧಾನ ಹೇಳಿದರು. ಈಗ ಸಂಜೆ ಅವು ಹೊಗೆಯಂತೆ ಹೊರಡುವುದನ್ನು ನೋಡಲು ಪ್ರವಾಸಿಗರು ಸೇರುತ್ತಾರೆ. ಬ್ರಿಟನ್ನಿನಲ್ಲಂತೂ 1981ರ ಕಾಯ್ದೆಯ ನಂತರ, ಬಾವಲಿ ಇರುವ ಅಟ್ಟವನ್ನು ಮನೆಯವರೇ ಆದರೂ ಸುಮ್ಮನೆ ಮುಚ್ಚುವಂತಿಲ್ಲ.

ನಾವು ಅಷ್ಟು ದೂರ ಹೋಗಬೇಕಿಲ್ಲ. ಮನೆಯೊಳಗೆ ಬಾವಲಿ ಸಾಕಿ ಎಂದು ಯಾರೂ ಹೇಳುತ್ತಿಲ್ಲ. ಹೊರಗೆ ಕಳಿಸುವುದನ್ನು ಸರಿಯಾಗಿ ಮಾಡೋಣ ಎನ್ನುವುದಷ್ಟೇ ಮಾತು.

ಏಣಿ ಹತ್ತುವ ಮುಂಚೆ

ಮೊದಲನೆಯದು ಕಾಲ. ನಾವು ಹೆಂಚು ಕೈಯಾಡಿಸುವುದು ಬೇಸಿಗೆಯಲ್ಲಿ. ಗುಬ್ಬಿ, ಮೈನಾ, ಬಾವಲಿಗಳ ಮರಿ ಸಾಮಾನ್ಯವಾಗಿ ಇರುವುದೂ ಆಗಲೇ. ಆಗ ಸಂದಿ ಮುಚ್ಚಿದರೆ ಹಾರಲಾಗದ ಮರಿ ಒಳಗೇ ಸಾಯುತ್ತದೆ. ತಾಯಿ ಹೊರಗೆ ಸುತ್ತುತ್ತದೆ. ನಾಲ್ಕು ದಿನದಲ್ಲಿ ಮನೆಯೆಲ್ಲ ಕೊಳೆತ ವಾಸನೆ, ಹುಳ. ಅಂದರೆ ಪಾಪದ ಮಾತು ಬಿಟ್ಟರೂ, ಲೆಕ್ಕದಲ್ಲಿ ಕೂಡ ನಮಗೇ ನಷ್ಟ. ಒಡೆದ ಹೆಂಚು ಬೇಸಿಗೆಯಲ್ಲೇ ಬದಲಿಸಿ, ಮಳೆ ಕಾಯುವುದಿಲ್ಲ. ಆದರೆ ಗೂಡಿರುವ ಸಂದಿಯನ್ನು ಮರಿ ಹಾರುವವರೆಗೆ ಬಿಡಿ. ಗುಬ್ಬಿ ಮರಿ ಮೊಟ್ಟೆಯೊಡೆದು ಎರಡು ವಾರದ ಆಸುಪಾಸಿನಲ್ಲಿ ಹಾರುತ್ತದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಸಮಯ ಮುಚ್ಚುವುದಕ್ಕೆ ಅನುಕೂಲ. ಆದರೆ ಕೆಲವು ಸಣ್ಣ ಬಾವಲಿಗಳು ವರ್ಷದಲ್ಲಿ ಎರಡು ಮೂರು ಸಲ ಮರಿ ಹಾಕುವುದರಿಂದ, ಯಾವಾಗಲೇ ಆದರೂ ಬೆಳಕು ಬಿಟ್ಟು ನೋಡಿಯೇ ಮುಚ್ಚಬೇಕು.

ಎರಡನೆಯದು ದಾರಿ ಕಂಡುಹಿಡಿಯುವುದು. ಸಂಜೆ ಹೊತ್ತು ಮುಳುಗುವಾಗ ಅಂಗಳದಲ್ಲಿ ಅರ್ಧ ಗಂಟೆ ಕೂತು ಸೂರು ನೋಡಿ. ಬಾವಲಿ ಎಲ್ಲಿಂದ ಹೊರಡುತ್ತದೆ ಎಂದು ಗೊತ್ತಾಗುತ್ತದೆ. ಆ ಜಾಗದ ಕೆಳಗೆ ಗೋಡೆಯಲ್ಲಿ ಎಣ್ಣೆ ಕಲೆ, ಕಪ್ಪು ಅಕ್ಕಿಕಾಳಿನಂಥ ಹಿಕ್ಕೆ ಇರುತ್ತದೆ. ಬಾವಲಿ ಹಿಕ್ಕೆ ಒಣಗಿದರೆ ಬೆರಳಲ್ಲಿ ಪುಡಿಯಾಗುವಂಥದ್ದು, ಹುಳದ ರೆಕ್ಕೆಯ ಹೊಳಪು ಕಾಣುತ್ತದೆ. ಇಲಿಯ ಹಿಕ್ಕೆ ಗಟ್ಟಿ. ಆದರೆ ಕೈಯಿಂದ ಮುಟ್ಟಬೇಡಿ, ಕಡ್ಡಿಯಿಂದ ಒತ್ತಿ ನೋಡಿ.

ಮೂರನೆಯದು ಒಮ್ಮುಖ ಬಾಗಿಲು. ಮರಿ ಇಲ್ಲ ಎಂದು ಖಾತ್ರಿಯಾದ ಮೇಲೆ ಬೇರೆ ಸಂದಿಗಳನ್ನೆಲ್ಲ ಮುಚ್ಚಿ, ಮುಖ್ಯ ದಾರಿಗೆ ಒಂದು ನಯವಾದ ಬಲೆಯನ್ನು ಮೇಲೆ ಮತ್ತು ಎರಡು ಪಕ್ಕ ಹೊಡೆದು, ಕೆಳಗೆ ಒಂದು ಮೊಳ ಸಡಿಲ ಬಿಡಿ. ಒಳಗಿನದು ಜಾರಿಕೊಂಡು ಹೊರಗೆ ಬರುತ್ತದೆ, ವಾಪಸ್ ಹೋಗಲು ದಾರಿ ಸಿಗುವುದಿಲ್ಲ. ಒಂದು ವಾರ ಬಿಟ್ಟು, ಸಂಜೆ ಯಾವುದೂ ಹೊರಡುತ್ತಿಲ್ಲ ಎಂದು ನೋಡಿಕೊಂಡು ಸಂದಿ ಮುಚ್ಚಿ. ಬಾವಲಿಗೆ ಅರ್ಧ ಇಂಚಿನ ಸಂದಿಯೇ ಸಾಕು, ಹಾಗಾಗಿ ಕಾಲು ಇಂಚಿನ ಕಣ್ಣಿನ ತಂತಿ ಜಾಲರಿ ಬೇಕು. ಗುಬ್ಬಿಗೆ ಮುಕ್ಕಾಲು ಇಂಚಿನದು ಸಾಕು. ಪಾರಿವಾಳಕ್ಕೆ ಎರಡು ಇಂಚಿನ ಬಲೆ. ಅಂಟು, ವಿಷ, ಪಟಾಕಿ, ಹೊಗೆ ಬೇಡ. ಹೆಂಚಿನ ಮನೆಗೆ ಹೊಗೆ ಹಾಕಿ ಬೆಂಕಿ ಹೊತ್ತಿಸಿಕೊಳ್ಳಬೇಡಿ. ನುಸಿಗುಳಿಗೆಯ ವಾಸನೆಯಿಂದ ಬಾವಲಿ ಹೋಗುವುದಕ್ಕಿಂತ ಮೊದಲು ಮನೆಯ ಮಕ್ಕಳಿಗೆ ತೊಂದರೆಯಾಗುತ್ತದೆ.

ನಾಲ್ಕನೆಯದು ಗಾಳಿ. ಜಾಲರಿ ಹಾಕಿ, ಸಿಮೆಂಟು ಮೆತ್ತಬೇಡಿ. ಸೂರಿನ ಗಾಳಿ ನಿಂತರೆ ರೀಪು, ತೊಲೆ ಬೇಗ ಕುಂಬಾಗುತ್ತವೆ, ಬೇಸಿಗೆಯಲ್ಲಿ ಮನೆ ಕಾವಲಿಯಾಗುತ್ತದೆ.

ಐದನೆಯದು ಮೈಮೇಲೆ ಎಚ್ಚರ. ಹಿಕ್ಕೆ ಒಣಗಿರುವಾಗ ಗುಡಿಸಬೇಡಿ. ಮೂಗಿಗೆ ಮಾಸ್ಕ್ ಹಾಕಿ, ಕೈಗೆ ಗ್ಲೌಸು ತೊಟ್ಟು, ನೀರು ಚಿಮುಕಿಸಿ ಬಾಚಿ. ಕೆಳಗೆ ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಎತ್ತಬೇಡಿ. ದಪ್ಪ ಬಟ್ಟೆಯಿಂದ ಡಬ್ಬಿಗೆ ಹಾಕಿ ಸಂಜೆ ಎತ್ತರದ ಗೋಡೆಯ ಮೇಲಿಡಿ. ಕಚ್ಚಿದರೆ ಅಥವಾ ಪರಚಿದರೆ ಸೋಪು ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದಿನ ಬಗ್ಗೆ ಕೇಳಿ.

ಆರನೆಯದು ಕಾನೂನು. ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ ಕಾಡುಹಕ್ಕಿಯ ಮೊಟ್ಟೆ ಒಡೆಯುವುದು, ಗೂಡು ಕದಡುವುದು ಕೂಡ ಸೇರಿದೆ. ಗೂಬೆ ಗೂಡು, ದೊಡ್ಡ ಬಾವಲಿ ಗುಂಪು ಕಂಡರೆ ಮೊದಲು ಅರಣ್ಯ ಇಲಾಖೆಯವರಿಗೆ ಹೇಳಿ. ಅಂದಹಾಗೆ ಕಣಜದ ಗೂಬೆ ಇಲಿ ಹಿಡಿಯುವುದರಲ್ಲಿ ಯಾವ ಬೆಕ್ಕಿಗೂ ಕಡಿಮೆಯಿಲ್ಲ. ಪ್ಲೇಗಿನ ಕಾಲದಲ್ಲಿ ನಾವು ಹೆದರಿದ್ದು ಇಲಿಗೆ ಎನ್ನುವುದನ್ನು ನೆನಪಿಡಿ.

ಕೊನೆಯದು, ಕಿತ್ತುಕೊಂಡ ಜಾಗಕ್ಕೆ ಬದಲು ಜಾಗ. ಹೊಸ ಮನೆ ಕಟ್ಟಿಸುವವರು ಹೊರಗೋಡೆಯಲ್ಲಿ, ಸಜ್ಜಾದ ಕೆಳಗೆ, ಒಂದು ಇಟ್ಟಿಗೆಯಷ್ಟು ಗೂಡು ಬಿಡಿಸಿ. ಇಲ್ಲವೇ ಒಂದೂಕಾಲು ಇಂಚಿನ ತೂತಿರುವ ಮರದ ಡಬ್ಬಿ ನೇತುಹಾಕಿ. ನೆಲದಿಂದ ಹತ್ತಡಿ ಮೇಲೆ, ಪಡುವಣ ಬಿಸಿಲು ಬೀಳದ ಕಡೆ, ಬೆಕ್ಕಿಗೆ ಎಟುಕದಂತೆ. ಅನ್ನದ ತಟ್ಟೆಗೆ ಹಿಕ್ಕೆ ಬೀಳುವುದಿಲ್ಲ, ಗುಬ್ಬಿಗೆ ಮನೆಯೂ ತಪ್ಪುವುದಿಲ್ಲ. ಹಳೆ ಮರ, ಊರ ಬಂಡೆ ಉಳಿದಿದ್ದರೆ ಬಾವಲಿಗೆ ಅದೇ ಸಾಕು.

ಬೆಂಗಳೂರಿನಲ್ಲಿ ಈಗ ಗುಬ್ಬಿ ಡಬ್ಬಿಯನ್ನು ದುಡ್ಡು ಕೊಟ್ಟು ತಂದು ಬಾಲ್ಕನಿಯಲ್ಲಿ ಕಟ್ಟುತ್ತಾರೆ, ಬಹಳ ಡಬ್ಬಿಗಳು ಖಾಲಿಯೇ ಉಳಿಯುತ್ತವೆ. ಹೋದ ಹಕ್ಕಿಯನ್ನು ಕರೆಯುವುದು ಕಷ್ಟ. ನಮ್ಮೂರಲ್ಲಿ ಅದು ಇನ್ನೂ ಹೋಗಿಲ್ಲ. ಈ ವರ್ಷ ಹೆಂಚು ಇಳಿಸುವವರು ಕೆಲಸದವರಿಗೆ ಕೂಲಿ ಮಾತಾಡುವ ಮುಂಚೆ ಒಂದು ಸಂಜೆ ಅಂಗಳದಲ್ಲಿ ಕೂತು ಸೂರು ನೋಡಿ.